ಹನ್ನೊಂದನೆಯ ಹೊಲದ ತೇವ

೨೦೨೫ರ ಜನವರಿ ೨೧, ಮಂಗಳವಾರ. ಬೆಳಗಿನ ಎಂಟೂವರೆಯವರೆಗೆ ಬೀದರಿನಲ್ಲಿ ದಟ್ಟ ಮಂಜು; ಹತ್ತರ ಹೊತ್ತಿಗೆ ಎಳೆಬಿಸಿಲು; ಮಧ್ಯಾಹ್ನದ ಮೇಲೆ ಮೂಡಣದಿಂದ ಒಣಗಾಳಿ. ಮಳೆಯ ಸುಳಿವು ಎಲ್ಲಿಯೂ ಇರಲಿಲ್ಲ.

ಮಂಗಲಪೇಟೆಯ ಮನೆಯ ಮುಂಗೋಣೆಯಲ್ಲಿ ಬೆಸುಗೆಯ ಮೇಜಿನ ಮುಂದೆ ಕುಳಿತು ಏಂಜಲಿನಾ ಹದಿನೆಂಟು ಅಂಕೆಗಳನ್ನು ಓದಿದಳು. ಪ್ರತಿದಿನ ಎದ್ದ ಕೂಡಲೇ ಆಕೆ ಮಾಡುವ ಕೆಲಸ ಅದು. ಚಹಾ ಕೂಡ ಅದಾದ ಮೇಲೆಯೇ. ಔರಾದ ತಾಲ್ಲೂಕಿನ ಸಂತಪುರದಲ್ಲಿ ಹದಿನೆಂಟು ಕಡಲೆ ಹೊಲಗಳು. ಆ ಹೊಲಗಳಲ್ಲಿ ಆಕೆಯೇ ರೂಪಿಸಿ, ಆಕೆಯೇ ಬೆಸೆದು, ಆಕೆಯೇ ನೆಟ್ಟು ಬಂದ ಹದಿನೆಂಟು ಯಂತ್ರಗಳು. ಎದೆಮಟ್ಟದ ಕಬ್ಬಿಣದ ಕೊಳವೆ, ಅದರ ತುದಿಗೆ ಅಂಗೈಯಗಲದ ಬಿಳಿಯ ಡಬ್ಬಿ, ಡಬ್ಬಿಯಿಂದ ಇಳಿದ ತಂತಿಯ ಕೊನೆಗೆ ಒಂದು ಗೇಣು ಆಳದಲ್ಲಿ ಮಣ್ಣಿನ ತೇವವನ್ನು ಅಳೆಯುವ ಎರಡು ಹಲ್ಲಿನ ಕಡ್ಡಿ. ಇಷ್ಟೇ ಯಂತ್ರ. ಗಂಟೆಗೊಮ್ಮೆ ಅದು ಎಚ್ಚರಗೊಂಡು ಮಣ್ಣನ್ನು ವಿಚಾರಿಸುತ್ತದೆ; ಊರಿನ ನೀರಿನ ಟಾಕಿಯ ಮೇಲಿರುವ ದೊಡ್ಡ ಪೆಟ್ಟಿಗೆಗೆ ರೇಡಿಯೊ ಮೂಲಕ ಒಂದು ಅಂಕೆಯನ್ನು ಕೂಗಿ ಹೇಳಿ ಮತ್ತೆ ನಿದ್ದೆ ಹೋಗುತ್ತದೆ. ಪೆಟ್ಟಿಗೆ ಆ ಅಂಕೆಯನ್ನು ಬೀದರಿಗೆ ಮುಟ್ಟಿಸುತ್ತದೆ.

ಅಂದು ಹದಿನೇಳು ಹೊಲಗಳ ಅಂಕೆಗಳು ಹದಿನೆಂಟರಿಂದ ಮೂವತ್ತೊಂದರ ನಡುವೆ ಇದ್ದವು. ಹನ್ನೊಂದನೆಯ ಹೊಲದ್ದು ಮೂವತ್ತಾರು. ಮೂರು ವಾರಗಳಿಂದ ಅದು ಮೂವತ್ತಾರೇ.

ಏಂಜಲಿನಾಳಿಗೆ ನಲವತ್ತೆಂಟು ವರ್ಷ. ತಾಯಿ ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ತಂದೆ ಮಿಷನ್ ಶಾಲೆಯಲ್ಲಿ ಗಣಿತ ಕಲಿಸಿದವರು. ಇಬ್ಬರೂ ಈಗ ಇಲ್ಲ. ಬೀದರಿನಲ್ಲಿಯೇ ಎಲೆಕ್ಟ್ರಾನಿಕ್ಸ್ ಓದಿದ ಆಕೆ, ಹೈದರಾಬಾದಿನಲ್ಲಿ ವಿದ್ಯುತ್ ಮೀಟರುಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದಳು. ಅಲ್ಲಿ ಆಕೆಯ ಕೆಲಸ ಒಂದೇ: ಒಂದು ಸಲಕರಣೆ ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಬದುಕಬಲ್ಲದು ಎಂಬುದನ್ನು ಕಂಡುಹಿಡಿದು, ಆಮೇಲೆ ಅದಕ್ಕಿಂತಲೂ ಸ್ವಲ್ಪ ಕಡಿಮೆ ಮಾಡುವುದು. ಕಾರ್ಖಾನೆ ಬೇರೆ ರಾಜ್ಯಕ್ಕೆ ಎತ್ತಂಗಡಿಯಾದಾಗ ಆಕೆ ಹೋಗಲಿಲ್ಲ. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಬಂದ ದಾರಿಯಲ್ಲೇ ಹಿಂದಿರುಗಿತ್ತು. ಊರಿಗೆ ಮರಳಿದವಳು ಮುಂಗೋಣೆಯಲ್ಲಿ ಮೇಜು ಹಾಕಿಕೊಂಡು ಒಬ್ಬಳೇ ಕೆಲಸ ಮಾಡತೊಡಗಿದಳು. ಕೆಲವು ದಿನ, ಸಂಜೆ ತರಕಾರಿಯ ಗಾಡಿಯವನಿಗೆ ‘ಅರ್ಧ ಕಿಲೊ’ ಎಂದಾಗ, ಬೆಳಗಿನಿಂದ ಆಡಿದ ಮೊದಲ ಮಾತು ಅದೆಂದು ಆಕೆಗೆ ತಿಳಿಯುತ್ತಿತ್ತು. ಅದನ್ನು ಆಕೆ ದುಃಖವೆಂದು ಎಣಿಸುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಕಿಟಕಿಯ ಪಕ್ಕದ ಅದೇ ಜಾಗ, ಆರಾಧನೆ ಮುಗಿದ ಮೇಲೆ ಮೂರು ನಾಲ್ಕು ಮನೆಯವರೊಂದಿಗೆ ಕೈಮುಗಿತ, ನಂತರ ಮನೆ.

ಸಂತಪುರದ ಯಂತ್ರದ ಬಗ್ಗೆ ಆಕೆಗೆ ಒಂದೇ ಒಂದು ಹೆಮ್ಮೆ ಇತ್ತು. ಬೆರಳುದ್ದದ ಒಂದು ಲಿಥಿಯಂ ಬ್ಯಾಟರಿಯಲ್ಲಿ ಅದು ಐದು ವರ್ಷ ನಡೆಯುತ್ತದೆ. ಐದು ವರ್ಷ ಯಾರೂ ಅದರ ಹತ್ತಿರ ಸುಳಿಯಬೇಕಾಗಿಲ್ಲ. ಕೊಳವೆಗಳನ್ನು ವೆಲ್ಡಿಂಗ್ ಮಾಡಿಕೊಟ್ಟವನು ಗಾಂಧಿ ಗಂಜ ಮಾರುಕಟ್ಟೆಯ ಹಿಂಬದಿಯ ರಶೀದ ಅಹ್ಮದ. ಯಂತ್ರ ದಿನದಲ್ಲಿ ಎಷ್ಟು ಹೊತ್ತು ಎಚ್ಚರವಿರುತ್ತದೆ ಎಂದು ಆತ ಕೇಳಿದ್ದ. ಎಲ್ಲ ಸೇರಿಸಿದರೆ ಒಂದು ನಿಮಿಷಕ್ಕೂ ಕಡಿಮೆ ಎಂದು ಆಕೆ ಹೇಳಿದ್ದಳು.

“ನಮ್ಮ ಸಾಡೂ ಭೀ ಹಿಂಗ ಮಲ್ಕೊಂತಾನ್ರಿ ಮೇಡಮ್,” ಎಂದಿದ್ದ ರಶೀದ ತನ್ನ ಷಡ್ಡಕನ ಬಗ್ಗೆ, ಕಣ್ಣಿನ ಕಪ್ಪು ಗಾಜು ಮೇಲೆತ್ತಿ. “ಫರಕ್ ಇಷ್ಟೇ. ಊಟಾ ಮಾತ್ರ ಬಿಡಂಗಿಲ್ಲ.”

ಆ ಯಂತ್ರಗಳನ್ನು ನಂಬಿ ಸಂತಪುರದಲ್ಲಿ ಒಂದು ಕಟ್ಟಳೆ ನಡೆದಿತ್ತು. ಹದಿನೆಂಟು ಮನೆಗಳಿಗೆ ಸೇರಿ ಒಂದೇ ಬಾವಿ. ಚಳಿಗಾಲದಲ್ಲಿ ಅದರಲ್ಲಿ ಊರುವ ನೀರು ದಿನಕ್ಕೆ ಒಂದು ಹೊಲಕ್ಕೆ ಮಾತ್ರ ಸಾಕು. ಯಾರಿಗೆ ಮೊದಲು ಎಂಬ ಜಗಳ ಹಿಂದೆ ಎರಡು ಸಲ ಪೊಲೀಸ್ ಠಾಣೆಯವರೆಗೂ ಹೋಗಿತ್ತು. ಈ ವರ್ಷ ಎಲ್ಲರೂ ಒಪ್ಪಿದ್ದರು: ಯಾವ ಹೊಲದ ಅಂಕೆ ಎಲ್ಲಕ್ಕಿಂತ ಕಡಿಮೆಯೋ, ಆ ದಿನದ ನೀರು ಅದಕ್ಕೆ. ಬೆಳಿಗ್ಗೆ ಏಂಜಲಿನಾಳ ಕಂಪ್ಯೂಟರಿನಿಂದ ನೀರು ಬಿಡುವ ಮಾಣಿಕನ ಫೋನಿಗೆ ಒಂದು ಸಂಖ್ಯೆ ಹೋಗುತ್ತಿತ್ತು; ಮಾಣಿಕ ಆ ಹೊಲದ ಕೊಳವೆಗೆ ನೀರು ತಿರುಗಿಸುತ್ತಿದ್ದ. ಮಾತಿಲ್ಲ, ವಾದವಿಲ್ಲ. ಜನವರಿ ಎರಡರಿಂದ ಹದಿನೆಂಟರೊಳಗೆ ಹದಿನೇಳು ಹೊಲಗಳಿಗೂ ಒಂದೊಂದು ಸಲ ನೀರು ಹರಿದಿತ್ತು. ಮೂವತ್ತಾರು ತೋರಿಸುತ್ತಿದ್ದ ಹನ್ನೊಂದನೆಯದಕ್ಕೆ ಬಂದಿರಲಿಲ್ಲ. ಬರುವ ಕಾರಣವೇ ಇರಲಿಲ್ಲ.

ಅದು ಮೀರಾಬಾಯಿಯ ಹೊಲ. ಅರವತ್ತು ದಾಟಿದ ಆ ಹೆಂಗಸು ಒಂಬತ್ತನೆಯ ತಾರೀಕು ಒಮ್ಮೆ, ಹದಿನಾರಕ್ಕೆ ಒಮ್ಮೆ ಫೋನು ಮಾಡಿದ್ದಳು.

“ಬಾಯಾರ, ನಮ್ಮ ಪಾಳಿ ಯಾವಾಗ್ರಿ? ಕಡ್ಲಿ ಕಾಯಿ ಕಟ್ಟೋ ಹೊತ್ತು ಅದ.”

“ನಿಮ್ಮ ಹೊಲದಾಗ ಇನ್ನಾ ಹಸಿ ಅದ ಆಯಿ. ಕಡಿಮಿ ಆದ ಕೂಡ್ಲೇ ತಾನ ಪಾಳಿ ಬರ್ತದ.”

“ಹಸಿ? ಮ್ಯಾಲಂತೂ ಬಿರುಕು ಬಿಟ್ಟದಲ್ರಿ.”

“ಮ್ಯಾಲ ಹಂಗ ಕಾಣ್ತದ. ಬೇರಿನ ಹತ್ರ ಹಸಿ ಅದ. ಮಷೀನು ಸುಳ್ಳು ಹೇಳಂಗಿಲ್ಲ ಆಯಿ.”

ಎರಡನೆಯ ಸಲವೂ ಆಕೆ ಇದೇ ಮಾತುಗಳನ್ನು ಇದೇ ಕ್ರಮದಲ್ಲಿ ಹೇಳಿದ್ದಳು. ಮೀರಾಬಾಯಿ “ಹೌದೇನ್ರಿ, ನೀವು ಕಲ್ತವರು” ಎಂದು ಫೋನು ಇಟ್ಟಿದ್ದಳು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ.

ಆ ಮಂಗಳವಾರ ಒಂಬತ್ತು ಗಂಟೆಗೆ ಭಾಲ್ಕಿಯಿಂದ ಮಚ್ಛೇಂದ್ರನ ಫೋನು ಬಂತು. ಆತ ಅಲ್ಲಿನ ರೈತರ ಕಂಪನಿಯೊಂದರ ಮ್ಯಾನೇಜರ್. ಸಂತಪುರದ ಹದಿನೆಂಟು ಯಂತ್ರಗಳನ್ನು ಪರೀಕ್ಷೆಗೆಂದು ಹಾಕಿಸಿದವನೂ ಅವನೇ.

“ಮೇಡಮ್ಮಾರ, ಶನಿವಾರ ಹನ್ನೊಂದಕ್ಕ ಮೀಟಿಂಗ್ ಅದ್ರಿ. ಎರಡು ನೂರು ಡಬ್ಬಿ! ನಿರ್ದೇಶಕರು ಒಪ್ಪಿದಂಗ ಅದ. ನೀವು ಬಂದು ಆ ಐದು ವರ್ಷದ ಮಾತು ಒಂದು ಹೇಳಿಬಿಡ್ರಿ, ಬಾಕಿ ನಾ ನೋಡ್ಕೋತೇನಿ.”

“ಬರ್ತೇನ್ರಿ.”

“ಆಯ್ತಾ? ಇಷ್ಟೇನಾ? ನಿಮಗಿಂತ ನಿಮ್ಮ ಡಬ್ಬಿನ ಜಾಸ್ತಿ ಮಾತಾಡ್ತದ ನೋಡ್ರಿ!”

ಎರಡು ನೂರು ಯಂತ್ರಗಳೆಂದರೆ ಮೂರು ವರ್ಷದ ಕೆಲಸ. ಮುಂಗೋಣೆ ಸಾಲದೆ ಒಂದು ಬಾಡಿಗೆಯ ಜಾಗ, ಬೆಸುಗೆಗೆ ಇಬ್ಬರು ಹೆಂಗಸರು, ಮಧ್ಯಾಹ್ನ ಒಟ್ಟಿಗೆ ಬಿಚ್ಚುವ ಊಟದ ಡಬ್ಬಿಗಳು. ಇದನ್ನೆಲ್ಲ ಏಂಜಲಿನಾ ಯಾರಿಗೂ ಹೇಳಿರಲಿಲ್ಲ. ಆದರೆ ಆ ಜಾಗದಲ್ಲಿ ಮೂರು ಮೇಜುಗಳನ್ನು ಹೇಗೆ ಹಾಕಬೇಕೆಂಬ ಚಿತ್ರವನ್ನು ಚೌಕುಳಿ ಹಾಳೆಯ ಮೇಲೆ ಬರೆದಿಟ್ಟಿದ್ದಳು.

ಹನ್ನೊಂದು ಗಂಟೆಗೆ ಇನ್ನೊಂದು ಸಂದೇಶ ಬಂತು. ಕಳಿಸಿದವಳು ಮೀರಾಬಾಯಿಯ ಸೊಸೆ ವಿಶಾಖಾ. ಮಾತಿರಲಿಲ್ಲ, ಬರಿಯ ಚಿತ್ರ: ಎಡಕ್ಕೆ ಪಕ್ಕದವರ ಹೊಲದ ಕಡಲೆ, ಕಡುಹಸಿರು, ಬದುವಿನ ಈಚೆಗೆ ಹನ್ನೊಂದನೆಯ ಹೊಲ, ಬೂದಿ ಬಣ್ಣಕ್ಕೆ ತಿರುಗಿದ ಹಳದಿ. ಕೆಳಗಿನ ಎಲೆಗಳು ಉದುರಿದ್ದವು.

ಏಂಜಲಿನಾ ಚಿತ್ರವನ್ನು ನೋಡಿದಳು, ಅಂಕೆಯನ್ನು ನೋಡಿದಳು. ಆಮೇಲೆ ಮೊದಲ ಬಾರಿಗೆ ಹನ್ನೊಂದನೆಯ ಹೊಲದ ಎಲ್ಲ ಅಂಕೆಗಳನ್ನೂ ನೆಟ್ಟ ದಿನದಿಂದ ಸಾಲಾಗಿ ತೆಗೆದಳು. ನವೆಂಬರಿನಲ್ಲಿ ಮೂವತ್ನಾಲ್ಕು, ಡಿಸೆಂಬರ್ ಕೊನೆಗೆ ನಿಧಾನವಾಗಿ ಇಪ್ಪತ್ನಾಲ್ಕು. ಡಿಸೆಂಬರ್ ಮೂವತ್ತರ ಮಧ್ಯಾಹ್ನ ಒಂದು ಗಂಟೆಗೆ ಇಪ್ಪತ್ನಾಲ್ಕು, ಎರಡಕ್ಕೆ ಮೂವತ್ತಾರು. ಅಲ್ಲಿಂದ ಮುಂದೆ ಇಳಿದೇ ಇಲ್ಲ. ಅಷ್ಟೇ ಅಲ್ಲ, ಪ್ರತಿದಿನ ಮಧ್ಯಾಹ್ನ ಒಂದೆರಡು ಅಂಶ ಏರಿ, ಮರುದಿನದ ಹೊತ್ತಿಗೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆ ಜಿಗಿತವನ್ನು ಆಕೆ ಆಗಲೇ ಕಂಡಿದ್ದಳು. ಪಕ್ಕದ ನೀರಿನ ಕೊಳವೆ ಒಡೆದು ನೀರು ನುಗ್ಗಿರಬೇಕೆಂದು ಭಾವಿಸಿದ್ದಳು. ಕೇಳಿರಲಿಲ್ಲ. ಕೇಳಬೇಕಾದರೆ ಯಾರಿಗಾದರೂ ಫೋನು ಮಾಡಬೇಕಿತ್ತು.

ಪ್ರತಿದಿನ ಮಧ್ಯಾಹ್ನ ಅದೇ ಹೊತ್ತಿಗೆ ಒಡೆಯುವ ನೀರಿನ ಕೊಳವೆ ಯಾವ ಊರಿನಲ್ಲಿಯೂ ಇಲ್ಲ. ಮರುದಿನ ಬುಧವಾರ ಆಕೆ ಬಸ್ಸು ಹತ್ತಿದಳು.

ಸಂತಪುರದ ನಿಲ್ದಾಣದಲ್ಲಿ ವಿಶಾಖಾ ಕಾದಿದ್ದಳು. ಮೂವತ್ತರ ಹೆಂಗಸು, ಡಿಗ್ರಿ ಓದಿದವಳು, ಸಿಟ್ಟನ್ನು ಮುಚ್ಚಿಡುವ ಅಭ್ಯಾಸವಿಲ್ಲದವಳು.

“ಬಂದ್ರೆಲಾ ಒಮ್ಮಿ. ಕಂಪ್ಯೂಟರ್‌ದಾಗ ಹೊಲ ಕಾಣಂಗಿಲ್ಲ ಅಂತ ನಾ ನಮ್ಮನೆಯವರಿಗೆ ಅಂದಿದ್ದೆ.”

“ತಪ್ಪಾಗ್ಯದ ವಿಶಾಖಾ. ಮೊದ್ಲೇ ಬರಬೇಕಿತ್ತು.”

ವಿಶಾಖಾ ಚೀಲ ಹೊತ್ತುಕೊಳ್ಳಲು ಕೈ ಚಾಚಿದಳು. ಚೀಲದಲ್ಲಿ ಇನ್ನೊಂದು ತೇವದ ಕಡ್ಡಿ, ಅಂಕೆ ತೋರಿಸುವ ಕೈಯಳತೆಯ ಮೀಟರು, ಮಣ್ಣು ಅಗೆಯುವ ಒಂದು ಕೈಗುದ್ದಲಿ ಇದ್ದವು.

ಹನ್ನೊಂದನೆಯ ಹೊಲದ ಮೂಲೆಯಲ್ಲಿ ಬೇವಿನ ಮರದಿಂದ ಹತ್ತು ಹೆಜ್ಜೆ ಆಚೆ ಯಂತ್ರ ನಿಂತಿತ್ತು. ಏಂಜಲಿನಾ ದೂರದಿಂದಲೇ ನಿಂತು ನೋಡಿದಳು. ಕೊಳವೆಯ ಬುಡದ ಸುತ್ತ ಮೊರದಗಲ ನೆಲವನ್ನು ಗುಡಿಸಿ ಸಗಣಿ ಸಾರಿಸಲಾಗಿತ್ತು. ಮೂರು ಕಡೆ ಜೋಳದ ಕಣಿಕೆಗಳನ್ನು ಒರಗಿಸಿ ಗಾಳಿ ಮರೆ ಕಟ್ಟಿತ್ತು. ಕೊಳವೆಗೆ ಒಂದು ಹಳೆಯ ಉಲ್ಲನ್ ಮಫ್ಲರ್ ಸುತ್ತಿತ್ತು. ಬುಡದ ಮಣ್ಣು ಕಪ್ಪಗೆ ಒದ್ದೆಯಾಗಿ, ಅದರ ಅಂಚಿಗೆ ಬಿಳಿಯ ಗೆರೆಯೊಂದು ಉಂಗುರದಂತೆ ಒಣಗಿತ್ತು. ಆಕೆ ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಮುಟ್ಟಿಸಿದಳು. ಉಪ್ಪು, ಅದರ ಹಿಂದೆ ಹುಳಿ ಮಜ್ಜಿಗೆ.

ಅಷ್ಟರಲ್ಲಿ ಬದುವಿನ ಮೇಲಿಂದ ಮೀರಾಬಾಯಿ ಬಂದಳು. ಕೈಯಲ್ಲಿ ಮುಚ್ಚಿದ ಸ್ಟೀಲಿನ ತಂಬಿಗೆ.

“ಬಾಯಾರ ಬಂದಾರ! ನೋಡ್ರಿ, ನಿಮ್ಮ ಮಷೀನ್ ಹ್ಯಾಂಗ ಇಟ್ಟೇನಿ. ಇಲಿ ಮುಟ್ಟಿಲ್ಲ, ದನ ಮುಟ್ಟಿಲ್ಲ.”

“ತಂಬಿಗ್ಯಾಗ ಏನದ ಆಯಿ?”

“ಅಂಬಲಿ. ನನಗ ಅರ್ಧ, ಇದಕ್ಕ ಅರ್ಧ.”

ವಿಶಾಖಾ ಸೊಂಟದ ಮೇಲೆ ಕೈಯಿಟ್ಟಳು. “ಅತ್ತೀ, ಇದಕ್ಕ ಅಂಬಲಿ ಹಾಕ್ತಿ? ದಿನಾ?”

“ಹಾಕಿದ್ರ ಏನಾತು? ಎಳ್ಳಮಾಸಿ ದಿನ ಪೂರಾ ಗಡಿಗಿನ ಹಾಕೇನಿ.”

ಆಗ ಏಂಜಲಿನಾಳಿಗೆ ಡಿಸೆಂಬರ್ ಮೂವತ್ತು ಯಾವ ದಿನವೆಂಬುದು ಹೊಳೆಯಿತು. ಎಳ್ಳಮಾವಾಸ್ಯೆಯಂದು ಈ ಸೀಮೆಯವರೆಲ್ಲ ಬಜ್ಜಿ, ಕಡಬು, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ; ಕಣಿಕೆಯ ಪುಟ್ಟ ಗುಡಿಸಲು ಮಾಡಿ ಐದು ಕಲ್ಲುಗಳನ್ನಿಟ್ಟು ಪೂಜಿಸುತ್ತಾರೆ; ಹೊಲದ ತುಂಬ ಚರಗ ಚೆಲ್ಲಿ ಭೂಮಿಗೆ ಉಣಿಸಿ ತಾವು ಉಣ್ಣುತ್ತಾರೆ. ಇಂಥ ಮನೆಗಳ ನಡುವೆ ಬೆಳೆದೂ ಆಕೆ ಆ ತಾರೀಕಿನ ಅಂಕೆಯನ್ನು ಬರಿಯ ಅಂಕೆಯೆಂದು ಓದಿದ್ದಳು.

“ಕಲ್ಲಿಗೆ ಹಾಕೋದಲ್ಲೇನು ಆಯಿ, ಚರಗ?”

ಮೀರಾಬಾಯಿ ದನಿ ತಗ್ಗಿಸಿದಳು. “ನಾವು ಬುದ್ಧನ ಮಂದಿ ಬಾಯಾರ. ಕಲ್ಲಿಟ್ಟು ಕೈಮುಗದ್ರ ನಮ್ಮ ಧಮ್ಮಪಾಲ ಬೈತಾನ. ಔರಾದ ಸಾಲ್ಯಾಗ ಮಾಸ್ತರ ಇದ್ದಾನ, ನಾಲ್ಕು ಮಂದಿಗಿ ತಿಳಿಸಿ ಹೇಳಾಂವ. ಅವನ ಮಾತು ಖರೇ ಅದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನನ್ನವ್ವ ಹಾಕ್ತಿದ್ಲು, ನಮ್ಮತ್ತಿ ಹಾಕ್ತಿದ್ಲು. ಭೂಮಿಗಿ ಉಣಸ್ಲಾರ್ದ ನಾ ಹ್ಯಾಂಗ ಉಣ್ಲಿ? ಅದಕ್ಕ ಇದಕ್ಕ ಹಾಕ್ದೆ. ಇದೇನು ದೇವರಲ್ಲಲಾ, ಮಷೀನು. ಮಗ ಏನೂ ಅನ್ನಂಗಿಲ್ಲ.”

ವಿಶಾಖಾಳಿಗೆ ನಗು ತಡೆಯಲಾಗಲಿಲ್ಲ. “ಮಾಸ್ತರಿಗೇ ಮಾಸ್ತರಕಿ ಆದಿ ನೋಡು ಅತ್ತೀ ನೀ!”

“ಆಮ್ಯಾಲೆ ದಿನಾ ಯಾಕ ಹಾಕಿದ್ರಿ?” ಏಂಜಲಿನಾ ಕೇಳಿದಳು.

“ನೀವ ಹೇಳಿದ್ರೆಲಾ, ನೆಡೋ ದಿನ? ಐದು ವರ್ಷ ಯಾರೂ ಬರಂಗಿಲ್ಲ, ಇದು ತಾನ ಒಂದ ಇರ್ತದ ಅಂತ.” ಮೀರಾಬಾಯಿ ಕೊಳವೆಯ ಮಫ್ಲರನ್ನು ಸರಿಮಾಡಿದಳು. “ಐದು ವರ್ಷ ಒಂದ ನಿಂದ್ರಬೇಕಂದ್ರ! ಚಳಿ ನೋಡ್ರಿ ಹ್ಯಾಂಗ ಅದ. ನಾ ಹ್ಯಾಂಗೂ ದಿನಾ ಬರ್ತೇನಿ. ಒಂದು ಗುಟುಕು ಹಾಕಿದ್ರ ನಂದೇನು ಹೋಗ್ತದ?”

ಏಂಜಲಿನಾ ಮೊಣಕಾಲೂರಿ ಕುಳಿತು, ಬುಡದಿಂದ ಎರಡು ಹೆಜ್ಜೆ ಆಚೆ ಕೈಗುದ್ದಲಿಯಿಂದ ಒಂದು ಗೇಣು ಅಗೆದು ಚೀಲದ ಕಡ್ಡಿಯನ್ನು ಚುಚ್ಚಿದಳು. ಮೀಟರು ಹದಿನಾಲ್ಕು ಎಂದಿತು. ಉಳಿದ ಹದಿನೇಳು ಹೊಲಗಳಲ್ಲಿ ಎಲ್ಲಿಯೂ ಅಷ್ಟು ಕಡಿಮೆ ಇರಲಿಲ್ಲ. ಅಗೆದ ಮಣ್ಣು ಬೆರಳುಗಳ ನಡುವೆ ಹಿಟ್ಟಿನಂತೆ ಸೋರಿತು. ಎಷ್ಟೋ ದಿನಗಳ ಹಿಂದೆಯೇ ಈ ಹೊಲಕ್ಕೆ ಪಾಳಿ ಬರಬೇಕಾಗಿತ್ತು.

ಉಪ್ಪು ಬೆರೆತ ಮಣ್ಣಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಈ ಬಗೆಯ ಕಡ್ಡಿಗೆ ಅದು ನೀರಿನಂತೆಯೇ ಕಾಣುತ್ತದೆ. ಇದು ಏಂಜಲಿನಾಳಿಗೆ ತಿಳಿಯದ ವಿಷಯವಲ್ಲ. ಎರಡು ವರ್ಷದ ಹಿಂದಿನ ಮೊದಲ ನಕ್ಷೆಯಲ್ಲಿ ಉಪ್ಪನ್ನು ಬೇರೆಯಾಗಿ ಅಳೆದು ಕಳೆಯುವ ಒಂದು ಭಾಗವಿತ್ತು. ಅದಕ್ಕೆ ಪ್ರತಿ ಸಲವೂ ನಾಲ್ಕು ಸೆಕೆಂಡು ಹೆಚ್ಚಿನ ಎಚ್ಚರ ಬೇಕು. ಆ ನಾಲ್ಕು ಸೆಕೆಂಡುಗಳಿಂದ ಬ್ಯಾಟರಿಯ ಆಯುಷ್ಯ ಐದು ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಯುತ್ತಿತ್ತು. ಇಲ್ಲಿಯ ಕರಿಮಣ್ಣಿನಲ್ಲಿ ಉಪ್ಪಿನ ತೊಂದರೆ ಇಲ್ಲವೆಂದು ಬರೆದು, ಆಕೆ ಆ ಭಾಗದ ಮೇಲೆ ಕೆಂಪು ಗೀಟು ಎಳೆದಿದ್ದಳು. ಮಣ್ಣಿನ ವರದಿಗಳನ್ನೆಲ್ಲ ಓದಿದ್ದಳು. ಹೊಲಕ್ಕೆ ಉಣಿಸುವವರಿದ್ದಾರೆಂಬುದು ಯಾವ ವರದಿಯಲ್ಲಿಯೂ ಇರಲಿಲ್ಲ.

“ಆಯಿ,” ಎಂದಳು ಏಂಜಲಿನಾ, ಎದ್ದು ಮಣ್ಣು ಕೊಡವಿಕೊಳ್ಳದೆ. “ಅಂಬಲ್ಯಾಗ ಉಪ್ಪದ. ಉಪ್ಪು ಕಂಡು ಮಷೀನು ನೀರು ಅದ ಅಂತ ತಿಳ್ಕೊಂಡದ. ಅದಕ್ಕ ನಿಮ್ಮ ಪಾಳಿ ಬಂದಿಲ್ಲ.”

ಮೀರಾಬಾಯಿ ತಂಬಿಗೆಯನ್ನು ನೆಲದ ಮೇಲಿಟ್ಟಳು. “ಅಂದ್ರ ನನ್ನ ಕಡ್ಲಿ ನಾನ ಒಣಗ್ಸೇನಿ.”

“ಇಲ್ಲ ಆಯಿ. ಉಪ್ಪು ಯಾವ್ದು, ನೀರು ಯಾವ್ದು ಅಂತ ತಿಳ್ಯೋ ಬುದ್ಧಿ ನಾ ಅದಕ್ಕ ಇಟ್ಟಿದ್ದೆ, ನಾನ ತೆಗದೆ. ನೀವು ಎರಡು ಸಲ ಫೋನ್ ಮಾಡಿ ಹೇಳಿದ್ರಿ. ನಾ ಕೇಳಲಿಲ್ಲ.”

“ಮತ್ತ ಇನ್ಮುಂದ ಏನು ಹಾಕ್ಲಿ? ಬರೀ ನೀರು?”

“ನೀರೂ ಬ್ಯಾಡ ಆಯಿ.”

“ಏನೂ ಬ್ಯಾಡ?”

“ಏನೂ ಬ್ಯಾಡ.”

ಆ ಮುಖದಲ್ಲಿ ಸಿಟ್ಟು ಬಂದಿದ್ದರೆ ಏಂಜಲಿನಾಳಿಗೆ ಸುಲಭವಾಗುತ್ತಿತ್ತು. ಬಂದದ್ದು ಸಂಕೋಚ, ದೊಡ್ಡವರ ಮನೆಯಲ್ಲಿ ಕೇಳದೆ ಏನನ್ನೋ ಮುಟ್ಟಿದವರ ಸಂಕೋಚ. ಮೀರಾಬಾಯಿ ಮಫ್ಲರನ್ನು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು.

ಮಧ್ಯಾಹ್ನ ಏಂಜಲಿನಾ ಮಾಣಿಕನನ್ನು ಹುಡುಕಿ, ಅಂಕೆಯನ್ನು ಬದಿಗಿಟ್ಟು ಅಂದೇ ಹನ್ನೊಂದಕ್ಕೆ ನೀರು ಬಿಡಬೇಕೆಂದು ಕೇಳಿಕೊಂಡಳು.

“ಇವತ್ತಿನ ಪಾಳಿ ನಾಲ್ಕನೇದ್ದು ಅಂತ ನೀವ ಕಳ್ಸೀರಿ. ಅವರು ಬಂದು ನನ್ನ ಕುತ್ತಿಗಿ ಹಿಡಿದ್ರ?”

“ನನ್ನ ಹೆಸರು ಹೇಳು ಮಾಣಿಕ.”

“ನಿಮ್ಮ ಹೆಸರಿಗೆ ಕುತ್ತಿಗಿ ಇಲ್ರಿ ಮೇಡಮ್, ನೀವು ಬೀದರದಾಗ ಇರ್ತೀರಿ,” ಎಂದ ಮಾಣಿಕ. ಆದರೂ ನೀರು ಬಿಟ್ಟ. ಉಳಿಯಬಹುದಾದದ್ದು ಅರ್ಧ ಫಸಲು ಎಂದು ಅವನ ಅಂದಾಜು. ನೀರು ಸಾಲುಗಳಲ್ಲಿ ಇಳಿಯುವುದನ್ನು ಬದುವಿನ ಮೇಲೆ ನಿಂತು ಮೂವರು ಹೆಂಗಸರೂ ಸಂಜೆಯವರೆಗೆ ನೋಡಿದರು.

ಬೀದರಿನ ಬಸ್ಸಿಗಾಗಿ ನಿಂತಿದ್ದಾಗ ಧಮ್ಮಪಾಲ ಔರಾದಿನ ಶಾಲೆ ಮುಗಿಸಿಕೊಂಡು ಮೋಟಾರ್‌ಸೈಕಲ್ಲಿನಲ್ಲಿ ಬಂದು ಆಕೆಯ ಪಕ್ಕ ನಿಲ್ಲಿಸಿದ. ಹೆಂಡತಿ ಫೋನಿನಲ್ಲಿ ಎಲ್ಲ ಹೇಳಿದ್ದಳು.

“ಮೇಡಮ್, ಒಂದು ಮಾತು. ಶನಿವಾರ ಭಾಲ್ಕಿಯೊಳಗ ಮೀಟಿಂಗ್ ಅದ ಅಂತ ಕೇಳೇನಿ. ಕಡ್ಲಿ ಹೋದ್ರ ಹೋಗ್ಲಿ. ಅಂಬಲಿ ವಿಷಯ ಮಾತ್ರ ಅಲ್ಲಿ ಬ್ಯಾಡ್ರಿ. ನಾಳಿಗಿ ಊರೂರು ತಿರುಗ್ತದ, ಮಾಸ್ತರನ ತಾಯಿ ಡಬ್ಬಿಗಿ ಚರಗ ಹಾಕ್ಯಾಳ ಅಂತ. ನಗೋರಿಗೇನು? ನನಗ ನಗ್ಲಿ, ನಡೀತದ. ಅವ್ವ ಮತ್ತ ಹೊಲಕ್ಕ ಬರೋದು ಬಿಡ್ತಾಳ.”

“ಹೇಳಂಗಿಲ್ಲ,” ಎಂದಳು ಏಂಜಲಿನಾ.

ಶನಿವಾರ ಭಾಲ್ಕಿಯಲ್ಲಿ ಗೋದಾಮಿನ ಮೇಲಿನ ಕೋಣೆಗೆ ಹೋಗುವ ಮೆಟ್ಟಿಲುಗಳ ಮೇಲೆ ಮಚ್ಛೇಂದ್ರನಿಗೆ ಒಬ್ಬನಿಗೇ, ಗುಟ್ಟಾಗಿರಲೆಂದು ಕೇಳಿಕೊಂಡು, ನಡೆದುದೆಲ್ಲವನ್ನೂ ಆಕೆ ಹೇಳಿದಳು. ಗಿರಾಕಿಗೆ ಅರ್ಧ ಸತ್ಯ ಕೊಡುವುದು ಆಕೆಗೆ ಆಗದ ಕೆಲಸ. ಮಚ್ಛೇಂದ್ರ ಗೋಡೆಗೆ ಕೈಯೂರಿಕೊಂಡು ನಕ್ಕ, ನಂತರ ಗಂಭೀರನಾದ.

“ಇದನ್ನ ಇದ್ದಂಗ ಹೇಳ್ರಿ ಮೇಡಮ್ಮಾರ. ಮುದುಕಿ ಅಂಬಲಿ ಕುಡಿಸಿದ್ರ ಮಷೀನು ಏನು ಮಾಡ್ತದ? ಎಲ್ಲಾರೂ ನಗ್ತಾರ, ನಕ್ಕೋತ ಸಹಿ ಮಾಡ್ತಾರ. ಎರಡು ನೂರಕ್ಕ ಎರಡು ನೂರು ನಿಮ್ಮವು.”

“ಮಾತು ಕೊಟ್ಟೇನ್ರಿ.”

“ಮತ್ತ ಏನು ಹೇಳ್ತೀರಿ?”

“ತಪ್ಪು ಎಲ್ಲದನೋ ಅದನ್ನ.”

ಏಳು ಜನ ನಿರ್ದೇಶಕರು ಕುಳಿತಿದ್ದರು. ಒಬ್ಬರ ಹೊರತು ಯಾರೂ ಸಂತಪುರವನ್ನು ನೋಡಿದವರಲ್ಲ. ಏಂಜಲಿನಾ ಎದ್ದು ನಿಂತು, ಬರೆದುಕೊಂಡು ಹೋಗಿದ್ದ ಹಾಳೆಯನ್ನು ಓದಿದಳು. ಒಂದು ಹೊಲದ ಮಣ್ಣಿಗೆ ಉಪ್ಪು ಸೇರಿತ್ತು. ಯಂತ್ರಕ್ಕೆ ಅದನ್ನು ಗುರುತಿಸುವ ಶಕ್ತಿ ಇರಲಿಲ್ಲ. ಇಪ್ಪತ್ಮೂರು ದಿನ ಅದು ತಪ್ಪು ಹೇಳಿತು. ಆ ಹೊಲದ ಅರ್ಧ ಬೆಳೆ ಹೋಯಿತು.

“ಉಪ್ಪು ಎಲ್ಲಿಂದ ಬಂತ್ರಿ?” ಎಂದು ಮೇಜಿನ ತುದಿಯಲ್ಲಿದ್ದ ಹಿರಿಯ ನಿರ್ದೇಶಕರು ಕೇಳಿದರು.

“ಗೊಬ್ಬರದಿಂದ ಬರಬಹುದು, ಬೋರಿನ ನೀರಿನಿಂದ ಬರಬಹುದು. ಎಲ್ಲಿಂದ ಬಂದರೂ ಯಂತ್ರಕ್ಕೆ ತಿಳಿಯಬೇಕಿತ್ತು. ತಿಳಿಯುವಂತೆ ಮಾಡುತ್ತೇನೆ. ಆದರೆ ಆಗ ಬ್ಯಾಟರಿ ಐದು ವರ್ಷ ಬಾಳುವುದಿಲ್ಲ. ಒಂದೂವರೆ ವರ್ಷಕ್ಕೊಮ್ಮೆ ಯಾರಾದರೂ ಹೋಗಿ ಬದಲಿಸಬೇಕು. ಮತ್ತು ಹೊಲದವರು ಬೇರೆ ಹೇಳಿದರೆ ಯಂತ್ರಕ್ಕಿಂತ ಮೊದಲು ಅವರ ಮಾತು ಕೇಳಬೇಕು.”

“ಐದು ವರ್ಷ ಅಂದಿದ್ರಿ.”

“ಅಂದಿದ್ದೆ.”

“ಎರಡು ನೂರು ಹೊಲಕ್ಕ ಹೋಗಿ ಬ್ಯಾಟರಿ ಹಾಕೋರು ಯಾರ್ರಿ? ನಮ್ಮ ಹತ್ರ ಮಂದಿ ಇದ್ರ ಮಷೀನು ಯಾಕ ಬೇಕಿತ್ತು?”

ಮಚ್ಛೇಂದ್ರ ಏನೋ ಹೇಳಲು ಬಾಯಿ ತೆರೆದು, ಆಕೆಯ ಕಡೆ ನೋಡಿ ಸುಮ್ಮನಾದ. ಅರ್ಧ ಗಂಟೆಯೊಳಗೆ ತೀರ್ಮಾನವಾಯಿತು. ಎರಡು ನೂರರ ಮಾತು ಸದ್ಯಕ್ಕೆ ಇಲ್ಲ. ಸಂತಪುರದ ಹದಿನೆಂಟನ್ನು ಮೇಡಮ್ ತಮ್ಮ ಖರ್ಚಿನಲ್ಲಿ ಸರಿಮಾಡಿಕೊಟ್ಟರೆ ಮುಂದಿನ ಹಿಂಗಾರಿಗೆ ವಿಚಾರ. ಮಚ್ಛೇಂದ್ರ ಕೆಳಗಿನವರೆಗೆ ಬಂದ.

“ಊಟಾ ಮಾಡ್ಕೊಂಡು ಹೋಗ್ರಿ ಮೇಡಮ್ಮಾರ.”

“ಬಸ್ಸದ್ರಿ,” ಎಂದಳು ಆಕೆ. ಬಸ್ಸಿಗೆ ಇನ್ನೂ ಐವತ್ತು ನಿಮಿಷವಿತ್ತು. ಭಾಲ್ಕಿಯ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಹೊಸ ನಕ್ಷೆಯಲ್ಲಿ ಆ ನಾಲ್ಕು ಸೆಕೆಂಡುಗಳನ್ನು ಎಲ್ಲಿ ಸೇರಿಸಬೇಕೆಂದು ಯೋಚಿಸಿದಳು. ಎದುರಿನ ಬೆಂಚಿನಲ್ಲಿ ಒಂದು ಕುಟುಂಬ ಪೇರಲ ಹಣ್ಣನ್ನು ಹಂಚಿಕೊಂಡು ತಿನ್ನುತ್ತಿತ್ತು. ಅವರ ಬಸ್ಸು ಮೊದಲು ಬಂತು.

ಮುಂದಿನ ಎರಡು ವಾರ ಆಕೆ ಹೆಚ್ಚು ಕಡಿಮೆ ಮನೆಯಿಂದ ಹೊರಬೀಳಲಿಲ್ಲ. ಒಂದು ಯಂತ್ರಕ್ಕೆ ಒಂದು ದಿನ ಹಿಡಿಯುತ್ತಿತ್ತು. ಹನ್ನೊಂದನೆಯದನ್ನು ಮೊದಲು ಮುಗಿಸಿ, ಹತ್ತು ದಿನ ಮನೆಯಲ್ಲಿಯೇ ಒಂದು ಬಕೆಟ್ಟು ಮಣ್ಣಿನಲ್ಲಿ ಚುಚ್ಚಿ, ನೀರು ಹಾಕಿ, ಉಪ್ಪುನೀರು ಹಾಕಿ, ಕೊನೆಗೆ ತಾನೇ ಅಂಬಲಿ ಕಾಯಿಸಿ ಹಾಕಿ ಪರೀಕ್ಷಿಸಿದಳು. ಮಿಕ್ಕ ಅಂಬಲಿಯನ್ನು ರಾತ್ರಿಯ ಊಟಕ್ಕೆ ಕುಡಿದಳು.

ಫೆಬ್ರವರಿ ಹತ್ತು, ಸೋಮವಾರ, ಹೊಸ ಯಂತ್ರವನ್ನು ನೆಡಲು ಸಂತಪುರಕ್ಕೆ ಹೋದಳು. ಹನ್ನೊಂದನೆಯ ಹೊಲದ ಕಡಲೆ ನೀರು ಸಿಕ್ಕ ಮೇಲೆ ಒಂದು ಕಡೆ ಚೇತರಿಸಿಕೊಂಡು, ಇನ್ನೊಂದು ಕಡೆ ಒಣಗಿಯೇ ಉಳಿದಿತ್ತು. ಬೇರೆಡೆ ಗಿಡಕ್ಕೆ ನಲವತ್ತು ಕಾಯಿ. ಇಲ್ಲಿ ಹದಿನೈದು, ಇಪ್ಪತ್ತು. ಕಣಿಕೆಯ ಮರೆ ಇರಲಿಲ್ಲ. ಬುಡದಲ್ಲಿ ಗುಡಿಸಿದ ಗುರುತೂ ಇರಲಿಲ್ಲ, ಹುಲ್ಲು ಚಿಗುರಿತ್ತು.

ಮೀರಾಬಾಯಿ ಕಳೆ ಕೀಳುತ್ತಿದ್ದವಳು ಎದ್ದು ಬಂದಳು. ಆದರೆ ಐದಾರು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು.

“ಹತ್ರ ಬರ್ರಿ ಆಯಿ. ಇದು ಹೊಸಾದು. ಈಗ ನೀವು ಅಂಬಲಿ ಹಾಕಿದ್ರೂ ಇದಕ್ಕ ತಿಳಿತದ.”

“ಬ್ಯಾಡ ಬಾಯಾರ. ನಾ ಇಲ್ಲೇ ಛಲೋ ಇದ್ದೇನಿ.”

“ನಿಮ್ಮ ತಪ್ಪಲ್ಲ ಅಂತ ಹೇಳೇನಿ.”

“ಹೇಳೀರಿ. ನೀವು ಛಲೋ ಹೇಳೀರಿ.” ಮೀರಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಆದ್ರ ಅದಕ್ಕ ನಮ್ಮದೇನೂ ಬೇಕಿಲ್ಲಂತಲ್ಲ. ಸುಮ್ ಯಾಕ ಹತ್ರ ಹೋಗೋದು?”

ಏಂಜಲಿನಾ ತಂತಿಯನ್ನು ಇಳಿಬಿಟ್ಟು, ಮಣ್ಣು ಮುಚ್ಚಿ, ಅಂಗೈಯಿಂದ ಒತ್ತಿದಳು. ಡಬ್ಬಿಯ ಸ್ಕ್ರೂಗಳನ್ನು ಬಿಗಿದಳು. ಹನ್ನೆರಡಕ್ಕೆ ಮೊದಲ ಅಂಕೆ ಹೋಯಿತು. ಫೋನಿನ ಪರದೆಯ ಮೇಲೆ ಇಪ್ಪತ್ತೆರಡು ಎಂದು ಬಂತು. ಸರಿಯಾದ ಅಂಕೆಯೇ. ಅದನ್ನು ತೋರಿಸಲು ಆಕೆ ತಿರುಗಿದಾಗ ಮೀರಾಬಾಯಿ ಸಾಲಿನ ಆಚೆ ತುದಿಯಲ್ಲಿ ಬೆನ್ನು ಬಾಗಿಸಿ ಮತ್ತೆ ಕಳೆ ಕೀಳುತ್ತಿದ್ದಳು. ಕರೆಯಬಹುದಿತ್ತು. ಏಂಜಲಿನಾ ಉಪಕರಣಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಆಕೆಯ ಲೆಕ್ಕದ ಪುಸ್ತಕದಲ್ಲಿ ಆ ದಿನದ ಖರ್ಚು: ಬೀದರಿನಿಂದ ಸಂತಪುರಕ್ಕೆ ಹೋಗಿ ಬರಲು ಬಸ್ಸಿಗೆ ಏನೂ ಇಲ್ಲ, ಹೆಂಗಸರಿಗೆ ಶೂನ್ಯದ ಟಿಕೆಟ್ಟು. ಚಹಾ ಒಂದು, ಹತ್ತು ರೂಪಾಯಿ. ಬಾಳೆಹಣ್ಣು ಎರಡು, ಹನ್ನೆರಡು ರೂಪಾಯಿ. ಹನ್ನೊಂದನೆಯ ಯಂತ್ರದ ಬ್ಯಾಟರಿಯಿಂದ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹನ್ನೆರಡರವರೆಗೆ: ನಿದ್ದೆಗೆ ೦.೦೬, ಅಳೆದು ಹೇಳುವುದಕ್ಕೆ ೦.೨೨, ಉಪ್ಪನ್ನು ನೋಡುವುದಕ್ಕೆ ೦.೮೦; ಒಟ್ಟು ೧.೦೮ ಮಿಲಿಆಂಪಿಯರ್-ಗಂಟೆ.